ಕಾಯಿಲೆ ಕೇಳಬೇಡಿ, ಗುಳಿಗೆ ಕೇಳಿ

ಕುಮಟಾದ ಗಿಬ್ ಸರ್ಕಲ್ ಹತ್ತಿರ ಒಂದು ಸಣ್ಣ ಇನ್ಶೂರೆನ್ಸ್ ಆಫೀಸಿನಲ್ಲಿ ನನಗೆ ಕೆಲಸ. ಹನ್ನೊಂದು ವರ್ಷ ಆಯ್ತು. ಬೈಕು, ಮೀನಿನ ಟೆಂಪೋ, ಅಂಗಡಿ, ಎಲ್ಲದರ ಪಾಲಿಸಿಯೂ ನಮ್ಮಲ್ಲಿ ಆಗುತ್ತದೆ. ಆದರೆ ನನ್ನ ಟೇಬಲ್ಲಿಗೆ ಬರುವವರು ಜಾಸ್ತಿ ವಿದೇಶಕ್ಕೆ ಹೊರಟವರು. ಶಿರಸಿ, ಸಿದ್ದಾಪುರ ಕಡೆಯಿಂದ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗುವ ಅಮ್ಮಂದಿರು, ಭಟ್ಕಳ, ಹೊನ್ನಾವರದಿಂದ ದುಬೈಗೆ ಹೋಗುವ ಹುಡುಗರು, ಈಗೀಗ ಜರ್ಮನಿಗೆ ಹೋಗುವ ಇಂಜಿನಿಯರುಗಳು.

ಕೆಲಸಕ್ಕೆ ಸೇರಿ ಎರಡನೇ ವರ್ಷ ನಡೆದದ್ದು ಇದು. ಶಿರಸಿ ಕಡೆಯ ಒಬ್ಬ ನಿವೃತ್ತ ಮಾಸ್ತರು, ಅವರ ಹೆಂಡತಿಯೂ ಶಾಲೆಯಲ್ಲಿ ಅಕ್ಕೋರಾಗಿದ್ದವರು, ಮಗ ಅಮೆರಿಕದಲ್ಲಿ. ನಮ್ಮ ಬಾಸ್‌ಗೆ ದೂರದ ನೆಂಟರು. ಹಾಗಾಗಿ ದೇವಿಮನೆ ಘಟ್ಟ ಇಳಿದು ನಮ್ಮಲ್ಲಿಗೇ ಬಂದಿದ್ದರು. ಫಾರ್ಮ್ ತುಂಬುವಾಗ ನಾನು ಕೇಳಿದೆ, "ಮಾಸ್ತರೇ, ಕಾಯಿಲೆ ಗೀಯಿಲೆ ಏನಾದ್ರೂ ಇದೆಯಾ?"

"ಎಂತದೂ ಇಲ್ಲ ತಂಗೀ. ದಿನಾ ತೋಟಕ್ಕೆ ಇಳಿದು ಹತ್ತಿ ಬರ್ತೆ."

ಎಲ್ಲಾ ಕಾಲಮ್ಮಿಗೂ 'ಇಲ್ಲ' ಅಂತ ಟಿಕ್ ಹಾಕಿದೆ. ಐದು ನಿಮಿಷದಲ್ಲಿ ಪಾಲಿಸಿ ಪ್ರಿಂಟ್ ಆಗಿ ಬಂತು. ಅಷ್ಟು ಬೇಗ ಕೆಲಸ ಮುಗಿಸಿದೆ ಅಂತ ನನಗೆ ಒಳಗೊಳಗೇ ಹೆಮ್ಮೆ ಬೇರೆ.

ಅಲ್ಲಿಗೆ ಹೋಗಿ ಎರಡು ತಿಂಗಳಿಗೆ ಒಂದು ರಾತ್ರಿ ಮಾಸ್ತರಿಗೆ ಎದೆ ಹಿಡಿದ ಹಾಗಾಯಿತು. ಮಗ ಎಮರ್ಜೆನ್ಸಿಗೆ ಕರೆದುಕೊಂಡು ಹೋದ. ಒಂದು ರಾತ್ರಿ ಇಟ್ಟುಕೊಂಡು ಎಲ್ಲಾ ಟೆಸ್ಟ್ ಮಾಡಿದರು. ಹೃದಯಕ್ಕೆ ಏನೂ ಆಗಿರಲಿಲ್ಲ, ಬಿಪಿ ಏರಿತ್ತು ಅಷ್ಟೇ. ಬಿಲ್ಲು ಹನ್ನೊಂದು ಸಾವಿರ ಡಾಲರ್ ಚಿಲ್ಲರೆ. ಕ್ಲೇಮ್ ಹಾಕಿದೆವು. ಕಂಪನಿಯಿಂದ ಒಂದೇ ಪುಟದ ಕಾಗದ ಬಂತು, ಕೊಡುವುದಿಲ್ಲ ಅಂತ. ಯಾಕಂದರೆ ಆ ಆಸ್ಪತ್ರೆಯ ಡಿಸ್ಚಾರ್ಜ್ ಸಮರಿಯ ಮೇಲಿನ ಸಾಲಿನಲ್ಲೇ ಬರೆದಿತ್ತು, ರೋಗಿಗೆ ಎಂಟು ವರ್ಷದಿಂದ ಬಿಪಿ ಇದೆ, ದಿನಾ ಗುಳಿಗೆ ತೆಗೆದುಕೊಳ್ಳುತ್ತಾರೆ. ಹೇಳಿದ್ದು ಸ್ವತಃ ಮಾಸ್ತರೇ. ಡಾಕ್ಟರ ಹತ್ತಿರ ಯಾರಾದರೂ ಮುಚ್ಚಿಡುತ್ತಾರಾ?

ನನಗೆ ಸಿಟ್ಟು ಬಂತು. ಫೋನ್ ಮಾಡಿ ಕೇಳಿಯೇಬಿಟ್ಟೆ, ನನ್ನ ಹತ್ತಿರ ಯಾಕೆ ಇಲ್ಲ ಅಂದಿರಿ ಅಂತ. ಅವರು ಹೇಳಿದ್ದು ಇವತ್ತಿಗೂ ನೆನಪಿದೆ. "ನೀನು ಕಾಯಿಲೆ ಇದ್ಯಾ ಕೇಳಿದೆ. ಗುಳಿಗೆ ತಗೊಂಡ್ರೆ ನನ್ನ ಬಿಪಿ ಸರಿ ಇರ್ತು. ಸರಿ ಇದ್ದದ್ದು ಕಾಯಿಲೆ ಹೇಗಾಗ್ತು?"

ಅವರು ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ಕಾಯಿಲೆ ಅಂದರೆ ಮಲಗಿಸುವಂಥದ್ದು. ಬಿಪಿ, ಶುಗರ್, ಥೈರಾಯ್ಡ್ ಎಲ್ಲ ಕಾಯಿಲೆಯ ಲೆಕ್ಕಕ್ಕೇ ಬರುವುದಿಲ್ಲ, ಅವು ಸುಮ್ನೆ 'ಇರುತ್ತವೆ'. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಅವತ್ತಿನಿಂದ ನಾನು ಕಾಯಿಲೆ ಕೇಳುವುದನ್ನೇ ಬಿಟ್ಟೆ. ಈಗ ಕೇಳುವುದು ಇಷ್ಟೇ: ಬೆಳಿಗ್ಗೆ ತಿಂಡಿ ಆದ ಮೇಲೆ ಯಾವ ಗುಳಿಗೆ, ರಾತ್ರಿ ಮಲಗುವಾಗ ಯಾವುದು, ಎಲ್ಲಾ ತಂದು ನನ್ನ ಟೇಬಲ್ ಮೇಲೆ ಸುರಿಯಿರಿ. ಸುರಿದರೆ ಸಾಕು, ಪಟ್ಟಿಗಳೇ ಕಥೆ ಹೇಳುತ್ತವೆ. ಶುಗರ್ ಬಾರ್ಡರ್‌ನಲ್ಲಿದೆ ಅಂದವರ ಚೀಲದಿಂದ ಮೆಟ್‌ಫಾರ್ಮಿನ್ ಜೊತೆಗೆ ಇನ್ನೂ ಎರಡು ಬಗೆ ಬೀಳುತ್ತದೆ. ರಕ್ತ ತೆಳು ಮಾಡುವ ಗುಳಿಗೆ ಕಂಡರೆ "ಇದು ಯಾವಾಗಿಂದ, ಯಾಕೆ ಕೊಟ್ಟರು" ಅಂತ ಕೇಳುತ್ತೇನೆ, ಆಗ ಮೆಲ್ಲಗೆ ಹೊರಬರುತ್ತದೆ, ನಾಲ್ಕು ವರ್ಷದ ಹಿಂದೆ ಮಣಿಪಾಲದಲ್ಲಿ ಒಂದು ಸ್ಟೆಂಟ್ ಹಾಕಿದ್ದರು ಅಂತ. ಸ್ಟೆಂಟ್! ಅದನ್ನೂ ಮರೆತಿರುತ್ತಾರೆ ಮಾರಾಯ್ರೇ.

ಎಲ್ಲಕ್ಕಿಂತ ಹೆಚ್ಚು ಬಿಟ್ಟುಹೋಗುವುದು ಕೊಲೆಸ್ಟ್ರಾಲ್ ಗುಳಿಗೆ. ಇದರ ಮೇಲೆಯೇ ಒಂದು ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಅಮೆರಿಕಕ್ಕೆ ಹೋದ ಪ್ರಯಾಣಿಕರೊಬ್ಬರಿಗೆ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲೇ ತೊಂದರೆಯಾಗಿ, ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಬೇಕಾಯಿತು. ಡಯಾಬಿಟಿಸ್ ಇದೆ ಅಂತ ಅವರು ಮೊದಲೇ ತಿಳಿಸಿದ್ದರು. ಸ್ಟ್ಯಾಟಿನ್, ಅಂದರೆ ಕೊಲೆಸ್ಟ್ರಾಲ್ ಗುಳಿಗೆ, ತೆಗೆದುಕೊಳ್ಳುವುದನ್ನು ಹೇಳಿಲ್ಲ ಅಂತ ಕಂಪನಿ ಕ್ಲೇಮ್ ತಳ್ಳಿಹಾಕಿತು. 2021ರ ಡಿಸೆಂಬರಿನಲ್ಲಿ ಕೋರ್ಟು ಗ್ರಾಹಕರ ಪರವಾಗಿ ಹೇಳಿತು: ಆರೋಗ್ಯದ ಸ್ಥಿತಿ ನೋಡಿಯೇ ಪಾಲಿಸಿ ಕೊಟ್ಟ ಮೇಲೆ, ಗ್ರಾಹಕರು ಮೊದಲೇ ಹೇಳಿದ ಕಾಯಿಲೆಯನ್ನೇ ತೋರಿಸಿ ಆಮೇಲೆ ಕೈ ಕೊಡುವ ಹಾಗಿಲ್ಲ. ಗೆದ್ದರು ನಿಜ. ಆದರೆ ಹತ್ತು ವರ್ಷಕ್ಕೂ ಮೇಲೆ ಓಡಾಡಿ ಗೆದ್ದರು. ಒಂದು ಗುಳಿಗೆಯ ಹೆಸರು ಬರೆಯಲು ನನಗೆ ಅರ್ಧ ನಿಮಿಷ ಸಾಕು.

ಈಗ ಮಕ್ಕಳು ಅಲ್ಲಿಂದಲೇ ಆನ್‌ಲೈನ್‌ನಲ್ಲಿ ಪಾಲಿಸಿ ಮಾಡಿಬಿಡುತ್ತಾರೆ. ಅದೂ ಒಂದು ತಲೆನೋವು. ಅಪ್ಪ ಅಮ್ಮ ಯಾವ ಗುಳಿಗೆ ತಿನ್ನುತ್ತಾರೆ ಅಂತ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಒಬ್ಬ ಅಮ್ಮ ನನ್ನ ಮುಂದೆ ಕೂತು, ದನಿ ತಗ್ಗಿಸಿ ಹೇಳಿದ್ದರು, "ಎದೆ ಗುಳಿಗೆ ವಿಷಯ ಮಗಳಿಗೆ ಹೇಳಬೇಡ ತಂಗೀ, ಬಸುರಿ ಹೆಣ್ಣು, ಹೆದರ್ತಾಳೆ." ಮಗಳು ಆಗಲೇ ಅಲ್ಲಿಂದ ಒಂದು ಪಾಲಿಸಿ ಮಾಡಿಯಾಗಿತ್ತು. ಎಲ್ಲದಕ್ಕೂ 'ಇಲ್ಲ'. ಅದನ್ನು ರದ್ದು ಮಾಡಿಸಿ ಬೇರೆ ಮಾಡುವಷ್ಟರಲ್ಲಿ ಮಗಳಿಗೆ ಹೇಳಲೇಬೇಕಾಯಿತು. ಮಗಳು ಹೆದರಲಿಲ್ಲ, ಅತ್ತಳು, ಆಮೇಲೆ ಬೈದಳು.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇನ್ನೊಂದು ತೊಂದರೆ ಇದೆ, ಅದು ಕಾಗದದ್ದು. ದೊಡ್ಡ ಆಸ್ಪತ್ರೆ ಬೇಕು ಅಂತ ಎಷ್ಟು ಹೋರಾಟ ಆಯಿತು ಎಲ್ಲರಿಗೂ ಗೊತ್ತು. ಅದು ಬರುವವರೆಗೆ ಕಾರವಾರದವರು ಗೋವಾದ ಬಾಂಬೋಳಿಗೆ, ಶಿರಸಿಯವರು ಹುಬ್ಬಳ್ಳಿಗೆ, ನಾವು ಮಣಿಪಾಲಕ್ಕೆ ಅಥವಾ ಮಂಗಳೂರಿಗೆ. ಹಾಗಾಗಿ ಒಬ್ಬರದ್ದೇ ಫೈಲು ಮೂರು ಊರಲ್ಲಿ ಹರಡಿರುತ್ತದೆ. ಹೃದಯದ ಇಕೋ ರಿಪೋರ್ಟು ಒಂದು ಕಡೆ, ಡಿಸ್ಚಾರ್ಜ್ ಇನ್ನೊಂದು ಕಡೆ, ದಿನದ ಗುಳಿಗೆ ಮಾತ್ರ ಪೇಟೆಯ ಮೆಡಿಕಲ್ ಶಾಪಿನಿಂದ, ಚೀಟಿ ಇಲ್ಲದೆ, ಖಾಲಿ ಪಟ್ಟಿ ತೋರಿಸಿ "ಇದೇ ಕೊಡಿ" ಅಂತ. ಕಂಪನಿಯವರು ಕ್ಲೇಮ್ ಬಂದಾಗ ಮೊದಲು ಕೇಳುವುದೇ ಹಳೆಯ ಕಾಗದ, ಯಾವಾಗ ಶುರುವಾಯಿತು, ಯಾರು ಕೊಟ್ಟರು ಅಂತ. ಹಾಗಾಗಿ ಹೊರಡುವ ಎರಡು ತಿಂಗಳು ಮೊದಲು ಮನೆ ಡಾಕ್ಟರ ಹತ್ತಿರ ಹೋಗಿ ಒಂದು ಪುಟದಲ್ಲಿ ಎಲ್ಲಾ ಬರೆಸಿಕೊಳ್ಳಿ ಅನ್ನುತ್ತೇನೆ: ಕಾಯಿಲೆ, ಶುರುವಾದ ವರ್ಷ, ಗುಳಿಗೆಯ ರಾಸಾಯನಿಕ ಹೆಸರು, ಎಷ್ಟು ಮಿಲಿಗ್ರಾಂ. ಬ್ರ್ಯಾಂಡ್ ಹೆಸರು ಬರೆದರೆ ಅಲ್ಲಿನ ಡಾಕ್ಟರಿಗೆ ಅರ್ಥವಾಗುವುದಿಲ್ಲ.

"ನಂದು ಹತ್ತು ವರ್ಷದ ಹಳೇ ಹೆಲ್ತ್ ಪಾಲಿಸಿ, ಎಲ್ಲಾ ಕವರ್ ಆಗ್ತದೆ" ಅನ್ನುವವರು ವಾರಕ್ಕೊಬ್ಬರು ಸಿಗುತ್ತಾರೆ. ಅದು ಸಾಮಾನ್ಯವಾಗಿ ಭಾರತದ ಒಳಗೆ ಮಾತ್ರ. ಹಳೆಯ ಕಾಯಿಲೆಗೆ ಕವರ್ ಸಿಗುವ ಮೊದಲು ಕಾಯುವ ಅವಧಿಯನ್ನು 2024ರಲ್ಲಿ ಗರಿಷ್ಠ 48 ತಿಂಗಳಿಂದ 36ಕ್ಕೆ ಇಳಿಸಿದ್ದು ನಿಜ, ಅದೂ ಇಲ್ಲಿನ ಪಾಲಿಸಿಯ ಮಾತು. ಮಗನ ಕಂಪನಿ ಇನ್ಶೂರೆನ್ಸಿಗೆ ಸೇರಿಸಬಹುದಲ್ವಾ ಅಂತಲೂ ಕೇಳುತ್ತಾರೆ. ಅಮೆರಿಕದಲ್ಲಿ ಅದು ಸಾಮಾನ್ಯವಾಗಿ ಹೆಂಡತಿ ಮಕ್ಕಳವರೆಗೆ. ಹಳೆಯ ಕಾಯಿಲೆ ಇದ್ದರೂ ಇನ್ಶೂರೆನ್ಸ್ ನಿರಾಕರಿಸುವ ಹಾಗಿಲ್ಲ ಅಂತ ಅಲ್ಲಿ 2014ರಿಂದ ನಿಯಮ ಇದೆ, ಆದರೆ ವಿಸಿಟರ್ ವೀಸಾದ ಪಾಲಿಸಿಗಳು ಅದರ ಹೊರಗೆ. ಅವುಗಳಲ್ಲಿ ಇರುವ ಮಾತು 'ಅಕ್ಯೂಟ್ ಆನ್‌ಸೆಟ್'. ಅಂದರೆ ಹಳೆಯ ಕಾಯಿಲೆ ಮುನ್ಸೂಚನೆ ಇಲ್ಲದೆ ಒಮ್ಮೆಗೇ ಉಲ್ಬಣಿಸಬೇಕು, ಸಾಮಾನ್ಯವಾಗಿ 24 ಗಂಟೆ ಒಳಗೆ ಚಿಕಿತ್ಸೆಗೆ ಹೋಗಿರಬೇಕು. ನಾಲ್ಕು ದಿನದಿಂದ ಕಾಲು ಊದಿತ್ತು, ನೋಡೋಣ ಅಂತ ಬಿಟ್ಟೆವು ಅಂದರೆ ಮುಗಿಯಿತು. ದಿನದ ಗುಳಿಗೆ, ಶುಗರ್ ಚೆಕಪ್ಪು ಇದರಲ್ಲಿ ಬರುವುದಿಲ್ಲ. ಅದಕ್ಕೇ ಇಲ್ಲಿಂದಲೇ ಗುಳಿಗೆ ಕಟ್ಟಿಕೊಂಡು ಹೋಗಿ, ಚೀಟಿ ಸಮೇತ.

ಕೆನಡಾದ್ದು ಇನ್ನೂ ವಿಚಿತ್ರ. ಅಲ್ಲಿರುವ ಮಕ್ಕಳ ಹತ್ತಿರ ಹೆಚ್ಚು ಕಾಲ ಇರಲು ಅಪ್ಪ ಅಮ್ಮಂದಿರಿಗೆ ಕೊಡುವ ಸೂಪರ್ ವೀಸಾಕ್ಕೆ ಕನಿಷ್ಠ 1,00,000 ಕೆನಡಾ ಡಾಲರಿನ, ಒಂದು ವರ್ಷದ ಇನ್ಶೂರೆನ್ಸ್ ಬೇಕೇ ಬೇಕು. ಅಲ್ಲಿನ ಪಾಲಿಸಿಗಳಲ್ಲಿ ಹಳೆಯ ಕಾಯಿಲೆ 'ಸ್ಟೇಬಲ್' ಆಗಿದ್ದರೆ ಕವರ್ ಸಿಗುವಂಥವು ಇವೆ. ಅಂದರೆ ಹೊರಡುವ ಮೊದಲಿನ ಇಷ್ಟು ದಿನ ಕಾಯಿಲೆಯಲ್ಲಿ, ಗುಳಿಗೆಯಲ್ಲಿ ಬದಲಾವಣೆ ಆಗಿರಬಾರದು, ಪಾಲಿಸಿ ನೋಡಿಕೊಂಡು 90 ದಿನ, 180 ದಿನ, ಹೀಗೆ. ಹೊನ್ನಾವರದ ಒಬ್ಬರು ಹೊರಡುವ ಮೂರು ವಾರ ಮೊದಲು ಖುಷಿಯಿಂದ ಫೋನ್ ಮಾಡಿದರು, ಡಾಕ್ಟರು ಬಿಪಿ ಗುಳಿಗೆ ಅರ್ಧಕ್ಕೆ ಇಳಿಸಿದ್ದಾರೆ ಅಂತ. ನಾನು ತಲೆ ಮೇಲೆ ಕೈ ಇಟ್ಟುಕೊಂಡೆ. ಅವರು ತೆಗೆದುಕೊಂಡ ಪಾಲಿಸಿಯಲ್ಲಿ ಡೋಸ್ ಬದಲಾದರೆ ಸ್ಟೇಬಲ್ ಅಲ್ಲ, ಏರಿದರೂ ಅಷ್ಟೇ, ಇಳಿದರೂ ಅಷ್ಟೇ. "ಕಡಿಮೆ ಆದ್ರೆ ಒಳ್ಳೇದಲ್ವಾ?" ಅಂತ ಅವರು. ಒಳ್ಳೇದೇ, ದೇಹಕ್ಕೆ. ಕೊನೆಗೆ ಹೊರಡುವುದನ್ನೇ ಮೂರು ತಿಂಗಳು ಮುಂದೆ ಹಾಕಿದರು, ಟಿಕೆಟ್ ಬದಲಿಸಿದ ದುಡ್ಡು ಹೋಯಿತು. ಇನ್ಶೂರೆನ್ಸಿಗಾಗಿ ಗುಳಿಗೆ ಬದಲಿಸಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ಬದಲಿಸುವುದಾದರೆ ದಿನಾಂಕ ಬದಲಿಸಿ.

ಕೆಲಸಕ್ಕೆ ಹೋಗುವವರ ಲೆಕ್ಕ ಬೇರೆ. ಅಂಕೋಲಾದ ಒಬ್ಬ ಹುಡುಗ ಜರ್ಮನಿಗೆ ಹೊರಟಿದ್ದ. ಚಿಕ್ಕವನಿದ್ದಾಗಿನಿಂದ ಫಿಟ್ಸ್, ಕಾಲೇಜಿನವರೆಗೆ ಗುಳಿಗೆ ತೆಗೆದುಕೊಂಡವನು. ಸಂಬಳ ಚೆನ್ನಾಗಿತ್ತು, ಅಲ್ಲಿನ ಮಿತಿಗಿಂತ ಮೇಲೆ, 2025ರಲ್ಲಿ ಅದು ವರ್ಷಕ್ಕೆ 73,800 ಯೂರೋ. ಅದಕ್ಕಿಂತ ಜಾಸ್ತಿ ಸಂಬಳ ಇದ್ದವರು ಬೇಕಾದರೆ ಪ್ರೈವೇಟ್ ಇನ್ಶೂರೆನ್ಸಿಗೆ ಹೋಗಬಹುದು. ಅಲ್ಲಿನ ಏಜೆಂಟ್ ಒಬ್ಬ ಇವನಿಗೆ ಪ್ರೈವೇಟೇ ಅಗ್ಗ ಅಂತ ತಲೆ ತುಂಬಿದ್ದ. ವಯಸ್ಸಲ್ಲಿದ್ದು ಆರೋಗ್ಯ ಚೆನ್ನಾಗಿದ್ದರೆ ಅಗ್ಗವೇ. ಆದರೆ ಪ್ರೈವೇಟಿನವರು ಆರೋಗ್ಯದ ಪ್ರಶ್ನೆ ಕೇಳುತ್ತಾರೆ, ಹಳೆಯ ಕಾಯಿಲೆ ಕಂಡರೆ ಪ್ರೀಮಿಯಮ್ ಏರಿಸುತ್ತಾರೆ ಅಥವಾ ಬೇಡ ಅನ್ನುತ್ತಾರೆ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಒಪ್ಪಂದವೇ ರದ್ದಾಗಬಹುದು. ಸರ್ಕಾರಿ ವ್ಯವಸ್ಥೆಯ ಫಂಡುಗಳು ಅದನ್ನೆಲ್ಲಾ ಕೇಳುವುದೇ ಇಲ್ಲ. ಸಂಬಳದ ಮೇಲೆ ಕತ್ತರಿಸುತ್ತಾರೆ, ಸಂಪಾದನೆ ಇಲ್ಲದ ಹೆಂಡತಿ ಮಕ್ಕಳು ಅದರಲ್ಲೇ ಸೇರುತ್ತಾರೆ. ಒಮ್ಮೆ ಪ್ರೈವೇಟಿಗೆ ಹೋದರೆ 55 ದಾಟಿದ ಮೇಲೆ ವಾಪಸ್ ಬರುವುದು ಹೆಚ್ಚುಕಡಿಮೆ ಆಗದ ಮಾತು. ನಾನು ನೇರವಾಗಿ ಹೇಳಿದೆ, ತಮಾ, ನಿಂಗೆ ಸರ್ಕಾರಿಯದ್ದೇ ಸರಿ. ನನಗೆ ಇದರಲ್ಲಿ ಒಂದು ಪೈಸೆ ಕಮಿಷನ್ ಇಲ್ಲ, ಹಾಗಾಗಿ ಧೈರ್ಯವಾಗಿ ಹೇಳಬಹುದು. ಪ್ರೈವೇಟೇ ಬೇಕು ಅನ್ನುವವರಿಗೆ ಅಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಬ್ರೋಕರ್ ಮೂಲಕ ಹೆಸರು ಹೇಳದೆ, ಬರೀ ಕಾಯಿಲೆಯ ವಿವರ ಕೊಟ್ಟು ನಾಲ್ಕು ಕಂಪನಿಗಳನ್ನು ಮೊದಲೇ ಕೇಳಿ ನೋಡಬಹುದು. ನಿಮ್ಮ ಹೆಸರಿನ ಮೇಲೆ ನಿರಾಕರಣೆ ಉಳಿಯುವುದಿಲ್ಲ.

ದುಬೈ ಸುಲಭ. ಅಲ್ಲಿ 2013ರ ಕಾನೂನಿನ ಪ್ರಕಾರ ಕೆಲಸ ಕೊಟ್ಟವರೇ ಇನ್ಶೂರೆನ್ಸ್ ಮಾಡಿಸಬೇಕು, ಹುಡುಗರ ಸಂಬಳದಲ್ಲಿ ಹಿಡಿಯುವ ಹಾಗಿಲ್ಲ. ಆದರೆ ಮೂಲ ಪ್ಲಾನಿನಲ್ಲಿ ಹೊಸಬರ ಹಳೆಯ ಕಾಯಿಲೆಗೆ ಮೊದಲ ಆರು ತಿಂಗಳು ಕಾಯಬೇಕು, ಎಮರ್ಜೆನ್ಸಿ ಬಿಟ್ಟು. ಭಟ್ಕಳದ ಹುಡುಗರಿಗೆ ಇದೆಲ್ಲಾ ನನಗಿಂತ ಚೆನ್ನಾಗಿ ಗೊತ್ತು, ಅವರೇ ನನಗೆ ಎಷ್ಟೋ ಕಲಿಸಿದ್ದಾರೆ.

ಆ ಮಾಸ್ತರು ಹೋದ ವರ್ಷ ಮತ್ತೆ ಬಂದಿದ್ದರು. ಮೊಮ್ಮಗನ ಉಪನಯನ, ಅಲ್ಲೇ ಮಾಡುತ್ತಾರಂತೆ. ಹನ್ನೊಂದು ಸಾವಿರ ಡಾಲರಿನ ಸುದ್ದಿ ಇಬ್ಬರೂ ಎತ್ತಲಿಲ್ಲ. ಕೂತವರೇ ಕವಳದ ಸಂಚಿ ಬಿಚ್ಚಿದರು, ಅದರ ಒಂದು ಖಾನೆಯಲ್ಲಿ ಗುಳಿಗೆಗಳು. ಒಂದೊಂದೇ ಪಟ್ಟಿ ತೆಗೆದು ಸಾಲಾಗಿ ಇಟ್ಟು, ಪಾಠ ಒಪ್ಪಿಸುವ ಹಾಗೆ ಹೇಳಿದರು. ಇದು ಬಿಪಿ, ಇದು ಶುಗರ್, ಇದು ಹೊಸದು, ಪ್ರಾಸ್ಟೇಟಿಂದು. ನಾನು ಬರೆದುಕೊಂಡೆ. ಪ್ರೀಮಿಯಮ್ ಹೋದ ಸಲಕ್ಕಿಂತ ಎಷ್ಟೋ ಜಾಸ್ತಿ ಬಂತು. "ಅಡ್ಡಿಲ್ಲ" ಅಂದರು.

ಮುಂದಿನ ಪ್ರಶ್ನೆ ಓದಿದೆ, ತಂಬಾಕು ಸೇವನೆ ಇದೆಯಾ?

"ಬೀಡಿ ಸಿಗರೇಟು ಜನ್ಮದಲ್ಲೇ ಮುಟ್ಟಿದವ ಅಲ್ಲ" ಅಂದರು. ಆಮೇಲೆ ನಾನು ನೋಡುತ್ತಿದ್ದ ಕಡೆಗೆ ಅವರೂ ನೋಡಿದರು. ಸಂಚಿಯ ಇನ್ನೊಂದು ಖಾನೆಯಿಂದ ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಪಕ್ಕ ತಂಬಾಕಿನ ಎಸಳು ಇಣುಕುತ್ತಿತ್ತು.

"ಇದನ್ನೂ ಬರೀತ್ಯಾ?"

"ಬರೀತೇನೆ ಮಾಸ್ತರೇ."

"ಬರಿ" ಅಂತ ಹೇಳಿ, ಒಂದು ಎಸಳು ಮುರಿದು ಬಾಯಿಗೆ ಹಾಕಿಕೊಂಡರು.