ಗೋಪುರ ಅದೇ, ಬೀದಿ ಬೇರೆ: ಕಲೋನಿನಲ್ಲಿ ತಪಸ್ಸು ಕಾಲ

ಮೈಸೂರಿನ ಕಡೆಯವರು ಯಾರೇ ಜರ್ಮನಿಯ ಕಲೋನಿಗೆ ಬರಲಿ, ರೈಲು ನಿಲ್ದಾಣದ ಬಾಗಿಲು ದಾಟಿ ತಲೆ ಎತ್ತಿದ ಕೂಡಲೇ ಹೇಳುವ ಮಾತು ಒಂದೇ: “ಅಯ್ಯೋ, ಇದು ನಮ್ಮ ಫಿಲೋಮಿನಾ ಚರ್ಚಲ್ವಾ!” ತಪ್ಪೇನಿಲ್ಲ. 1933ರಲ್ಲಿ ನಾಲ್ವಡಿಯವರು ಅಡಿಗಲ್ಲಿಟ್ಟ ಅಶೋಕ ರಸ್ತೆಯ ನಮ್ಮ ಪ್ರಧಾನಾಲಯಕ್ಕೆ ಮಾದರಿ ಇಲ್ಲಿಯದೇ. ನಮ್ಮ ಜೋಡಿ ಗೋಪುರ 175 ಅಡಿ, ಇಲ್ಲಿಯದು 157 ಮೀಟರ್. ಹತ್ತಿರ ಹತ್ತಿರ ಮೂರು ಪಟ್ಟು. 1248ರಲ್ಲಿ ಹಿಡಿದ ಕೆಲಸ ಮುಗಿದದ್ದು 1880ರಲ್ಲಿ. ನಡುವೆ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಅರ್ಧಕ್ಕೆ ನಿಂತ ಗೋಪುರದ ಮೇಲೆ ಒಂದು ಮರದ ಕ್ರೇನು ಸುಮ್ಮನೆ ನಿಂತಿತ್ತಂತೆ. ನಮ್ಮೂರಿನ ರಸ್ತೆ ಕಾಮಗಾರಿಗಳನ್ನು ಬೈಯುವ ಮುಂಚೆ ಒಂದು ಸಲ ಇದನ್ನು ನೆನೆಸಿಕೊಳ್ಳಿ.

ಹಾಗಾಗಿ ಊರಿನಿಂದ ಫೋನು ಮಾಡುವವರಿಗೆಲ್ಲ ಒಂದು ನಂಬಿಕೆ: “ನಿನಗೇನಪ್ಪ, ಅಷ್ಟು ದೊಡ್ಡ ಚರ್ಚಿನ ಪಕ್ಕದಲ್ಲೇ ಇದೀಯ, ತಪಸ್ಸು ಕಾಲ ಭರ್ಜರಿಯಾಗಿ ನಡೀತಿರಬೇಕು.” ಈಸ್ಟರಿಗೆ ಮುಂಚಿನ ನಮ್ಮ ಈ ನಲವತ್ತು ದಿನದ ಉಪವಾಸ ನಡೆಯುತ್ತಿದೆ, ಆದರೆ ಅವರು ಅಂದುಕೊಂಡ ಹಾಗಲ್ಲ. ದೊಡ್ಡ ಚರ್ಚಿನಲ್ಲಿ ಪ್ರವಾಸಿಗರೇ ಜಾಸ್ತಿ. ನಾನು ಹೋಗುವುದು ಮನೆ ಹತ್ತಿರದ ಸಣ್ಣ ಧರ್ಮಕೇಂದ್ರಕ್ಕೆ. ಕೆಂಪು ಇಟ್ಟಿಗೆಯ ಕಟ್ಟಡ, ಯುದ್ಧದ ನಂತರ ಕಟ್ಟಿದ್ದು, ಹೊರಗಿನಿಂದ ನೋಡಿದರೆ ಗೋದಾಮು.

ಮೊದಲು ಗದ್ದಲದ ವಿಷಯ ಹೇಳಿಬಿಡುತ್ತೇನೆ. ಈ ಊರಿನಲ್ಲಿ ಉಪವಾಸದ ಹಿಂದಿನ ವಾರ ಯಾರಿಗೂ ಮೈಮೇಲೆ ಖಬರು ಇರುವುದಿಲ್ಲ. ಕಾರ್ನಿವಲ್ಲು. ನವೆಂಬರ್ 11ರ ಬೆಳಿಗ್ಗೆ 11 ಗಂಟೆ 11 ನಿಮಿಷಕ್ಕೆ ಅದರ ಲೆಕ್ಕ ಶುರು, ಆದರೆ ನಿಜವಾದ ಹುಚ್ಚು, ಉಪವಾಸ ಶುರುವಾಗುವ ವಿಭೂತಿ ಬುಧವಾರದ ಹಿಂದಿನ ಗುರುವಾರದಿಂದ. ಅವತ್ತು ಹೆಂಗಸರು ಕತ್ತರಿ ಹಿಡಿದು ಆಫೀಸಿನಲ್ಲಿ ಗಂಡಸರ ಟೈ ಕತ್ತರಿಸುತ್ತಾರೆ. ನಮ್ಮ ಮ್ಯಾನೇಜರು ಅವತ್ತಿಗೆಂದೇ ಹಳೇ ಟೈ ಕಟ್ಟಿಕೊಂಡು ಬರುತ್ತಾರೆ. ಸೋಮವಾರ ದೊಡ್ಡ ಮೆರವಣಿಗೆ, ರಥಗಳ ಮೇಲಿಂದ ಜನರ ತಲೆಯ ಮೇಲೆ ಚಾಕೊಲೇಟಿನ ಮಳೆ. ಈ ವರ್ಷ ನೀವೆಲ್ಲ ಶಿವರಾತ್ರಿಯ ಜಾಗರಣೆ ಮುಗಿಸಿ ನಿದ್ದೆ ತೂಗುತ್ತಿದ್ದ ದಿನವೇ ಇಲ್ಲಿ ಆ ಮೆರವಣಿಗೆ. ಮಂಗಳವಾರ ರಾತ್ರಿ ಹೋಟೆಲುಗಳ ಮುಂದೆ ನೇತುಹಾಕಿದ್ದ ಹುಲ್ಲಿನ ಬೊಂಬೆಯನ್ನು ಇಳಿಸಿ, ಇಷ್ಟು ದಿನ ಕುಡಿದು ಕುಣಿದ ಪಾಪವನ್ನೆಲ್ಲ ಅದರ ತಲೆಗೆ ಕಟ್ಟಿ, ನಮ್ಮಲ್ಲಿ ಕಾಮಣ್ಣನನ್ನು ಸುಡುವ ಹಾಗೆ ಬೀದಿಯಲ್ಲಿ ಸುಡುತ್ತಾರೆ. ಅದರ ಹೆಸರು ನುಬ್ಬೆಲ್. ಅಳುವವರು ನಿಜವಾಗಿಯೇ ಅಳುತ್ತಾರೆ. ಅದೆಷ್ಟು ಭಕ್ತಿ, ಅದೆಷ್ಟು ಬಿಯರು ಎಂದು ಬೇರ್ಪಡಿಸಲು ನನ್ನಿಂದ ಆಗಿಲ್ಲ.

ಬುಧವಾರ ಗದ್ದಲವೆಲ್ಲ ಬಂದ್. ಪೂಜೆಗೆ ಹೋದರೆ ಹಿಂದಿನ ರಾತ್ರಿ ಕುಣಿದವರಲ್ಲಿ ಕೆಲವರು ಸಾಲಿನಲ್ಲಿ ನಿಂತಿರುತ್ತಾರೆ, ಕೆನ್ನೆಯ ಮೇಲೆ ಮಿನುಗು ಪುಡಿ ಇನ್ನೂ ಹೋಗಿರುವುದಿಲ್ಲ. ಹಣೆಗೆ ಬೂದಿಯ ಶಿಲುಬೆ ಇಡಿಸಿಕೊಂಡು ಆಫೀಸಿಗೆ ಹೋದೆ. ಪಕ್ಕದ ಮೇಜಿನ ಹುಡುಗಿ ಬಹಳ ಸಂಕೋಚದಿಂದ ಬಂದು, ನಿಮ್ಮ ಹಣೆಗೆ ಏನೋ ಮಸಿ ತಾಗಿದೆ ಎಂದು ಟಿಶ್ಯೂ ಕೊಟ್ಟಳು. ಮೈಸೂರಿನಲ್ಲಿ ಹಣೆಯ ಮೇಲಿನ ಬೂದಿಯನ್ನು ಯಾರು ತಿರುಗಿ ನೋಡುತ್ತಾರೆ? ಸಿಟಿ ಬಸ್ಸಿನ ಕಂಡಕ್ಟರು ಚಿಲ್ಲರೆ ಕೇಳಿ ಮುಂದೆ ಹೋಗುತ್ತಾನೆ. ತಮಾಷೆಯೆಂದರೆ ಅವತ್ತಿನ ಶುಭಸಂದೇಶವೇ ಮತ್ತಾಯನ ಆರನೇ ಅಧ್ಯಾಯ: ಉಪವಾಸ ಮಾಡುವಾಗ ಮುಖ ಸಪ್ಪೆ ಮಾಡಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ, ಜನರಿಗೆ ಗೊತ್ತಾಗದಿರಲಿ. ಅದನ್ನು ಓದಿ ಮುಗಿಸಿದ ಮೇಲೆಯೇ ಎಲ್ಲರಿಗೂ ಕಾಣುವ ಹಾಗೆ ಹಣೆಗೆ ಬೂದಿ ಇಡುವುದು. ಊರಿನಲ್ಲಿದ್ದಾಗ ಈ ಎಡವಟ್ಟು ನನ್ನ ತಲೆಗೇ ಹೊಳೆದಿರಲಿಲ್ಲ.

ಯಾಕೆಂದರೆ ಊರಿನಲ್ಲಿ ಉಪವಾಸ ಗುಟ್ಟಾಗಿರಲು ಸಾಧ್ಯವೇ ಇಲ್ಲ. ನಿಯಮ ಎಲ್ಲ ಕಡೆಯೂ ಒಂದೇ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, ಈ ಎರಡೇ ದಿನ ಕಡ್ಡಾಯ ಉಪವಾಸ, ಅದೂ 18ರಿಂದ 59 ವಯಸ್ಸಿನವರಿಗೆ. ಆದರೆ ನಮ್ಮ ಬೀದಿಯ ಅಜ್ಜಿಯರು ನಿಯಮ ಪುಸ್ತಕವನ್ನು ಯಾವತ್ತು ಕೇಳಿದ್ದಾರೆ? ಎಪ್ಪತ್ತು ದಾಟಿದವರೂ ಒಪ್ಪತ್ತು. ನಲವತ್ತು ದಿನ ಬಾಡು ಇಲ್ಲ, ಮೊಟ್ಟೆ ಇಲ್ಲ. ಮುದ್ದೆ, ಉಪ್ಸಾರು, ಶುಕ್ರವಾರ ಬರೀ ಗಂಜಿ. ಕದ್ದು ತಿನ್ನೋಣವೆಂದರೆ ಮಟನ್ ಅಂಗಡಿಯವನೇ ಹಿಡಿದುಬಿಡುತ್ತಿದ್ದ: “ಏನ್ ಸಾರ್, ನಿಮ್ದು ಇನ್ನೂ ಮುಗಿದಿಲ್ವಲ್ಲ?” ದಿನಾ ಅನ್ನಕ್ಕೆ ಅಕ್ಕಿ ಅಳೆಯುವಾಗ ಅಮ್ಮ ಒಂದು ಹಿಡಿ ತೆಗೆದು ಡಬ್ಬಕ್ಕೆ ಹಾಕುತ್ತಿದ್ದಳು. ಈಸ್ಟರಿನ ಹಿಂದಿನ ಗರಿಗಳ ಭಾನುವಾರದ ಹೊತ್ತಿಗೆ ಬೀದಿಯ ಡಬ್ಬಗಳೆಲ್ಲ ಸೇರಿ ಮೂಟೆಯಾಗಿ ಚರ್ಚಿಗೆ ಹೋಗುತ್ತಿತ್ತು.

ಶುಕ್ರವಾರ ಸಂಜೆಯ ಶಿಲುಬೆ ಹಾದಿಯನ್ನಂತೂ ಹೇಳಲೇಬೇಕು, ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದದ್ದನ್ನು ಹದಿನಾಲ್ಕು ಕಡೆ ನಿಂತು ಧ್ಯಾನಿಸುವ ಪ್ರಾರ್ಥನೆ ಅದು. ಚರ್ಚಿನೊಳಗೆ ನಡೆಯುವುದು ಬೇರೆ, ಮೊಹಲ್ಲಾದಲ್ಲಿ ಮನೆಯಿಂದ ಮನೆಗೆ ನಡೆಯುವುದೇ ಬೇರೆ. ಹದಿನಾಲ್ಕು ಸ್ಥಳಕ್ಕೆ ಹದಿನಾಲ್ಕು ಮನೆ. ಪ್ರತಿ ಮನೆಯ ಮುಂದೆ ನೀರು ಚಿಮುಕಿಸಿ ಒಂದು ಸ್ಟೂಲು, ಅದಕ್ಕೆ ಇಸ್ತ್ರಿ ಹಾಕಿದ ಬಿಳೀ ಬಟ್ಟೆ, ಪಟ, ಎರಡು ಮೇಣದ ಬತ್ತಿ. ಗಾಳಿಗೆ ಆರದಂತೆ ಅರ್ಧ ಕತ್ತರಿಸಿದ ನೀರಿನ ಬಾಟಲಿಯ ಮರೆ. ಮುಂದೆ ಮರದ ಶಿಲುಬೆ ಹೊರಲು ಹುಡುಗರ ಜಗಳ. ಹಿಂದೆ ಉಪದೇಶಿಗಳು, ಅವರ ಹೆಗಲಿಗೆ ಬ್ಯಾಟರಿ ಮೈಕು, ಮೂರನೇ ಸ್ಥಳಕ್ಕೆ ಬರುವಷ್ಟರಲ್ಲಿ ಅದು ಕೀರಲು ಶುರು ಮಾಡಿರುತ್ತದೆ. ತಿರುವಿನಲ್ಲಿ ಬಿರಿಯಾನಿ ಹೋಟೆಲು. ನಮ್ಮ ಹಾಡು ಕೇಳಿದ ಕೂಡಲೇ ಅದರ ಸಾಹೇಬರು ಗಿರಾಕಿಗಳ ಸ್ಕೂಟರುಗಳನ್ನು ಪಕ್ಕಕ್ಕೆ ತಳ್ಳಿಸಿ ದಾರಿ ಬಿಡಿಸುತ್ತಿದ್ದರು. ಒಲೆಯ ಮೇಲಿನ ದಮ್ಮಿನ ವಾಸನೆಯ ನಡುವೆ ನಾವು ಮಂಡಿಯೂರಿ, ಯೇಸುಸ್ವಾಮಿ ಎರಡನೇ ಸಲ ನೆಲಕ್ಕೆ ಬೀಳುವುದನ್ನು ಧ್ಯಾನಿಸಬೇಕು. ಅದಕ್ಕಿಂತ ದೊಡ್ಡ ತಪಸ್ಸು ಇನ್ನೇನಿದೆ?

ಇಲ್ಲಿ ಧರ್ಮ ಸಂಬಳದ ಚೀಟಿಯಲ್ಲಿದೆ. ಊರಿಗೆ ಬಂದು ಹೆಸರು ನೋಂದಾಯಿಸುವಾಗ ಧರ್ಮ ಯಾವುದೆಂದು ಕೇಳುತ್ತಾರೆ. ಕಥೋಲಿಕ ಎಂದು ಬರೆದರೆ ಮುಗಿಯಿತು, ಆದಾಯ ತೆರಿಗೆಯ ಮೇಲೆ ಅದರ ಶೇ 9ರಷ್ಟು ಚರ್ಚಿನ ತೆರಿಗೆ ಪ್ರತಿ ತಿಂಗಳು ಹಿಡಿದುಕೊಳ್ಳುತ್ತಾರೆ. ಬೇಡವೆಂದರೆ ಕೋರ್ಟಿಗೆ ಹೋಗಿ, 30 ಯೂರೋ ಶುಲ್ಕ ಕಟ್ಟಿ, ಚರ್ಚು ಬಿಟ್ಟೆನೆಂದು ಸಹಿ ಹಾಕಬೇಕು. 2022 ಒಂದೇ ವರ್ಷದಲ್ಲಿ ಜರ್ಮನಿಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಕಥೋಲಿಕರು ಹಾಗೆ ಬಿಟ್ಟರು. ತೆರಿಗೆ ಉಳಿಸಲು ಬಿಟ್ಟವರಿದ್ದಾರೆ, ಮಕ್ಕಳ ಮೇಲೆ ಪಾದ್ರಿಗಳು ನಡೆಸಿದ ದೌರ್ಜನ್ಯವನ್ನೂ ಅದನ್ನು ಮುಚ್ಚಿಹಾಕಿದ್ದನ್ನೂ ಕಂಡು ಸಿಟ್ಟಿನಿಂದ ಬಿಟ್ಟವರೂ ಇದ್ದಾರೆ. ಎರಡನೆಯವರ ಮುಂದೆ ನನಗೆ ಮಾತು ಬರುವುದಿಲ್ಲ. ಹೀಗಾಗಿ ಹಣಕ್ಕೆ ತೊಂದರೆ ಇಲ್ಲ, ಜನಕ್ಕೆ ತೊಂದರೆ. ಸುತ್ತಲಿನ ಧರ್ಮಕೇಂದ್ರಗಳನ್ನೆಲ್ಲ ಕೂಡಿಸಿ ಒಂದು ಮಾಡಿದ್ದಾರೆ, ಪೂಜೆ ಸರದಿಯ ಮೇಲೆ. ನಮ್ಮ ಸ್ವಾಮಿಗಳು, ಅಂದರೆ ಪಾದ್ರಿಗಳು, ಕೇರಳದವರು. ಅರವತ್ತರ ದಶಕದಿಂದ ಇಲ್ಲಿಗೆ ಬಂದ ಮಲಯಾಳಿ ನರ್ಸುಗಳು ತಮ್ಮ ಭಾಷೆಯ ಪೂಜೆಯನ್ನು ಗಟ್ಟಿಯಾಗಿ ಉಳಿಸಿಕೊಂಡಿದ್ದಾರೆ. ಕನ್ನಡದ ಪೂಜೆ ಬೇಕೆಂದರೆ ನನಗೆ ಮೊಬೈಲೇ ಗತಿ.

ತಪಸ್ಸು ಕಾಲದಲ್ಲಿ ಇಲ್ಲಿಯವರು ಪರಸ್ಪರ ಕೇಳುವುದು, ಈ ಸಲ ಏನು ಬಿಟ್ಟಿದ್ದೀಯ ಎಂದು. ಒಬ್ಬರು ಚಾಕೊಲೇಟು, ಒಬ್ಬರು ವೈನು, ಒಬ್ಬರು ಇನ್‌ಸ್ಟಾಗ್ರಾಂ. ಕಾರು ಬಿಟ್ಟು ಸೈಕಲ್ಲು ತುಳಿಯುವವರೂ ಉಂಟು. ದೇವರನ್ನು ನಂಬದವರೂ ನಲವತ್ತು ದಿನ ಸಕ್ಕರೆ ಬಿಡುತ್ತಾರೆ, ಮೈಗೆ ಒಳ್ಳೆಯದಂತೆ. ನನಗಿದು ಮೊದಮೊದಲು ಡಯಟ್ಟಿನ ಇನ್ನೊಂದು ಹೆಸರೆಂದೇ ಅನ್ನಿಸಿತು, ಈಗಲೂ ಅರ್ಧ ಹಾಗೆಯೇ ಅನ್ನಿಸುತ್ತದೆ. ಒಬ್ಬೊಬ್ಬರೂ ತಮ್ಮ ತಮ್ಮ ಅಡುಗೆಮನೆಯಲ್ಲಿ ಒಂಟಿಯಾಗಿ ಮಾಡುವ ವ್ರತ. ನಾನು ಬಾಡು ಬಿಟ್ಟಿರುವುದು ಗಮನಕ್ಕೆ ಬಂದದ್ದು ಕೆಳಗಿನ ಕಬಾಬ್ ಅಂಗಡಿಯ ತುರ್ಕಿಯವನಿಗೆ ಮಾತ್ರ. ಈ ವರ್ಷ ರಂಜಾನೂ ನಮ್ಮ ತಪಸ್ಸು ಕಾಲವೂ ಒಂದೇ ವಾರ ಶುರುವಾದವಲ್ಲ. ಎರಡು ವಾರ ನಾನು ಅಂಗಡಿಗೆ ಬರದ್ದನ್ನು ನೋಡಿ, ನಿನಗೂ ಉಪವಾಸವಾ ಎಂದು ಕೇಳಿದ. ಎದೆ ತುಂಬಿ ಬಂತು ಎಂದರೆ ನಗಬೇಡಿ.

ಇನ್ನೊಂದು ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಈ ಊರಿಗೆ ಅನ್ಯಾಯವಾಗುತ್ತದೆ. ವಾರಕ್ಕೊಂದು ದಿನ ಬೆಳಗಿನ ಜಾವ ಆರು ಗಂಟೆಗೆ ಚರ್ಚಿನಲ್ಲಿ ಸೇರುತ್ತಾರೆ. ಫ್ರೂಶಿಶ್ಟ್ ಅನ್ನುತ್ತಾರೆ, ಕಾರ್ಖಾನೆಯ ಬೆಳಗಿನ ಪಾಳಿಯ ಹಾಗೆ. ಸ್ವಾಮಿಗಳು ಬೇಕಂತಿಲ್ಲ, ಪೂಜೆಯೂ ಅಲ್ಲ. ಹೊರಗೆ ಕತ್ತಲು, ಸೊನ್ನೆಯ ಆಸುಪಾಸು ಚಳಿ, ಒಳಗೆ ದೀಪ ಹಾಕುವುದಿಲ್ಲ. ಬಲಿಪೀಠದ ಮುಂದೆ ಅರ್ಧ ವೃತ್ತದಲ್ಲಿ ಕುರ್ಚಿ, ಕೋಟು ಟೋಪಿ ತೆಗೆಯದೆ ಕೂತ ಹತ್ತು ಹನ್ನೆರಡು ಜನ. ಒಬ್ಬ ನಿವೃತ್ತ ಟ್ರಾಮ್ ಚಾಲಕರು ಆ ವಾರದ ವಾಚನ ಓದುತ್ತಾರೆ. ಆಮೇಲೆ ಮೌನ. ನಮ್ಮಲ್ಲಿ ಮೌನ ಅಂದರೆ ಮುಂದಿನ ಹಾಡಿಗೆ ಪುಟ ಹುಡುಕುವ ಹೊತ್ತು. ಇಲ್ಲಿ ನಿಜವಾಗಿಯೂ ಯಾರೂ ಕೆಮ್ಮುವುದೂ ಇಲ್ಲ. ಆಮೇಲೆ ಪಕ್ಕದ ಕೋಣೆಯಲ್ಲಿ ಕಾಫಿ, ಬ್ರೆಡ್ಡು, ಬೆಣ್ಣೆ, ಒಂದೇ ಒಂದು ಬಗೆಯ ಜಾಮು. ಹೆಂಡತಿ ಆಸ್ಪತ್ರೆಯಲ್ಲಿರುವುದನ್ನು, ಮಗ ಮಾತು ಬಿಟ್ಟಿರುವುದನ್ನು ಜನ ಹೇಳಿಕೊಳ್ಳುವುದು ಅಲ್ಲಿ. ಏಳೂವರೆಗೆ ಲೋಟ ತೊಳೆದಿಟ್ಟು ಎಲ್ಲರೂ ಕೆಲಸಕ್ಕೆ. ಹಾಡಿಲ್ಲ, ಮೈಕಿಲ್ಲ. ಮೈಸೂರಿನಲ್ಲಿ ಇಂಥದ್ದೊಂದನ್ನು ಯಾರಾದರೂ ಶುರು ಮಾಡಬಾರದೇ ಎಂದು ನನಗೆ ಆಸೆ. ಆದರೆ ಜಾಮಿನ ಬದಲು ಚಟ್ನಿ ಇರಲಿ.

ಚರ್ಚಿನೊಳಗೆ ಈಗ ಒಂದು ದೊಡ್ಡ ಚಿತ್ರದ ಬಟ್ಟೆ ತೂಗುಹಾಕಿದ್ದಾರೆ. ತಪಸ್ಸು ಕಾಲದಲ್ಲಿ ಬಲಿಪೀಠವನ್ನು ಬಟ್ಟೆಯಿಂದ ಮರೆಮಾಡುವುದು ಇಲ್ಲಿಯ ಹಳೆಯ ಪದ್ಧತಿ, ಹೊಟ್ಟೆಯ ಜೊತೆ ಕಣ್ಣಿಗೂ ಉಪವಾಸ. ಮರೆತೇಹೋಗಿದ್ದ ಅದನ್ನು ಮತ್ತೆ ಎತ್ತಿಕೊಂಡದ್ದು ಮಿಸೆರೆಯೊರ್, 1958ರಲ್ಲಿ ಇಲ್ಲಿಯ ಧರ್ಮಾಧ್ಯಕ್ಷರು ಬಡದೇಶಗಳ ಹಸಿವಿಗಾಗಿ ಕಟ್ಟಿದ ಸಂಸ್ಥೆ. ಬಡದೇಶಗಳ ಹಲವು ಕಲಾವಿದರಿಂದಲೂ ಚಿತ್ರ ಬರೆಸಿದ್ದಾರೆ. 1976ರಲ್ಲಿ ಮೊಟ್ಟಮೊದಲ ಬಟ್ಟೆ ಮಾಡಿದವರು ಯಾರು ಗೊತ್ತೇ? ನಮ್ಮ ಬೆಂಗಳೂರಿನ ಪಕ್ಕದ ಸಿಲ್ವೆಪುರದ ಜ್ಯೋತಿ ಸಾಹಿ. ಟ್ರಾಮ್ ಚಾಲಕರಿಗೆ ಇದನ್ನು ಹೇಳಿದೆ, ಅವರಿಗೆ ಮೊದಲೇ ಗೊತ್ತಿತ್ತು.

ಆ ಸಂಸ್ಥೆಯ ನಿಧಿಗಾಗಿ ಕಳೆದ ಭಾನುವಾರ ಪೂಜೆಯ ನಂತರ ಸೂಪಿನ ಊಟ. ಪ್ರತಿ ವರ್ಷ ಬಟಾಣಿ ಸೂಪೇ. ಈ ಸಲ ಪಕ್ಕದಲ್ಲಿ ಇನ್ನೊಂದು ಪಾತ್ರೆ ಇಡುತ್ತೇನೆಂದು ಹೇಳಿ ಹುರುಳಿಕಾಳು ಸಾರು ಮಾಡಿದೆ, ರಾತ್ರಿಯೇ ನೆನೆಸಿ, ಕಟ್ಟು ಬಸಿದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು. ಖಾರ ಅರ್ಧಕ್ಕೆ ಇಳಿಸಿದ್ದೆ. ಒಬ್ಬ ಅಜ್ಜಿ ಎರಡನೇ ಬಟ್ಟಲು ಮುಗಿಸಿ ಗಂಭೀರವಾಗಿ ಕೇಳಿದರು: “ನಿಮ್ಮಲ್ಲಿ ಉಪವಾಸಕ್ಕೆ ಇದನ್ನು ತಿನ್ನುತ್ತೀರಾ? ಹಾಗಾದರೆ ಹಬ್ಬಕ್ಕೆ ಏನು ತಿನ್ನುತ್ತೀರಿ?” ಪಾಸ್ಕದ, ಅಂದರೆ ಈಸ್ಟರಿನ, ಬಾಡೂಟವನ್ನು ಜರ್ಮನ್ ಭಾಷೆಯಲ್ಲಿ ವಿವರಿಸುವಷ್ಟರಲ್ಲಿ ನನ್ನ ಬಾಯಲ್ಲೇ ನೀರು.

ಮುಂದಿನದು ಗರಿಗಳ ಭಾನುವಾರ, ಮಾರ್ಚ್ 29. ಆ ದಿನವೇ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ. ಫೋನು ಮಾಡುವವರು ನೆನಪಿಟ್ಟುಕೊಳ್ಳಿ, ಇನ್ನು ಅಂತರ ಮೂರೂವರೆ ಗಂಟೆ. ತೆಂಗಿನ ಗರಿ ಇಲ್ಲಿಲ್ಲ, ಬೇಲಿಗೆ ಬೆಳೆಸುವ ಬಾಕ್ಸ್‌ವುಡ್ ಗಿಡದ ಸಣ್ಣ ಕಡ್ಡಿ ಕೊಡುತ್ತಾರೆ. ಅದರಲ್ಲಿ ಶಿಲುಬೆ ಹೆಣೆಯಲು ಬರುವುದಿಲ್ಲ, ಮಕ್ಕಳಿಗೆ ಕತ್ತಿ ಮಾಡಿಕೊಡಲಂತೂ ಬರುವುದೇ ಇಲ್ಲ. ಪವಿತ್ರ ಗುರುವಾರದಿಂದ ಗಂಟೆಗಳು ಮೂಕ. ದೊಡ್ಡ ಚರ್ಚಿನ 24 ಟನ್ನಿನ ಗಂಟೆಗೂ ವಿನಾಯಿತಿ ಇಲ್ಲ. ಶುಭ ಶುಕ್ರವಾರ ಇಲ್ಲಿ ಸರ್ಕಾರವೇ ಕಾನೂನು ಮಾಡಿ ಡಾನ್ಸ್ ಕಾರ್ಯಕ್ರಮ ನಿಲ್ಲಿಸುತ್ತದೆ, ಗುರುವಾರ ಸಂಜೆ ಆರರಿಂದ ಶನಿವಾರ ಬೆಳಿಗ್ಗೆ ಆರರವರೆಗೆ. ಚರ್ಚಿಗೆ ಬಾರದವರ ಕಾಲನ್ನೂ ಕಟ್ಟಿಹಾಕುವ ಈ ಕಾನೂನು ನನಗೆ ಸರಿಕಾಣುವುದಿಲ್ಲ.

ಫ್ರೂಶಿಶ್ಟಿನ ಕಾಫಿಯ ಹೊತ್ತಿನಲ್ಲಿ ನಾನು ಒಮ್ಮೆ ಮೊಹಲ್ಲಾದ ಶಿಲುಬೆ ಹಾದಿಯ ವಿಷಯ ಹೇಳಿದ್ದೆ, ಸ್ಟೂಲು, ಬಾಟಲಿಯ ಮರೆ, ಬಿರಿಯಾನಿ ಎಲ್ಲ. ಈ ಶುಭ ಶುಕ್ರವಾರ ನಾವೂ ಬೀದಿಯಲ್ಲಿ ನಡೆಯೋಣ ಎಂದು ಅವರಾಗಿಯೇ ತೀರ್ಮಾನಿಸಿದ್ದಾರೆ. ಅದಕ್ಕೆ ನಗರದ ಕಚೇರಿಯಿಂದ ಅರ್ಜಿ ನಮೂನೆ ಬಂದಿದೆ. ಹೋಗುವ ದಾರಿಯ ನಕ್ಷೆ, ನಿಲ್ಲುವ ಜಾಗಗಳು, ಒಂದೊಂದು ಕಡೆ ಎಷ್ಟು ನಿಮಿಷ, ಸ್ವಯಂಸೇವಕರ ತೋಳಪಟ್ಟಿ, ವಿಮೆ. ಟ್ರಾಮ್ ಚಾಲಕರು ಕನ್ನಡಕ ಏರಿಸಿಕೊಂಡು ಒಂದೊಂದೇ ಕಾಲಂ ತುಂಬಿಸುತ್ತಿದ್ದಾರೆ. ಕಬಾಬ್ ಅಂಗಡಿಯ ಮುಂದಿನ ಜಾಗ ಏಳನೇ ಸ್ಥಳಕ್ಕೆಂದು ಗುರುತಾಗಿದೆ, ಅವನನ್ನು ಕೇಳಿ ಒಪ್ಪಿಸಿ ಬಂದದ್ದು ನಾನೇ. ಧ್ವನಿವರ್ಧಕ ಬೇಕೇ ಎಂಬ ಕಾಲಂ ಒಂದು ಖಾಲಿ ಉಳಿದಿದೆ. ಅದನ್ನು ನನಗೇ ಬಿಟ್ಟಿದ್ದಾರೆ, ಮಂಗಳವಾರದೊಳಗೆ ಹೇಳಬೇಕು.