51 ಕೆ.ಜಿ.ಯ ಭಾನುವಾರ

ನಮ್ಮ ಕಡೆಯ ಹುಡುಗಿಯರು ದೊಡ್ಡ ಬಾಕ್ಸಿಂಗ್ ಕೂಟಗಳಿಗೆ ಹೋದಾಗ ಪಂಚ್ ಸಾಲದೆ ಸೋಲುವುದಕ್ಕಿಂತ ಪಂದ್ಯದ ದಿನವನ್ನು ನಿಭಾಯಿಸಲು ಬಾರದೆ ಸೋಲುವುದೇ ಹೆಚ್ಚು. ಅಂತಾರಾಷ್ಟ್ರೀಯ ಅಮೆಚೂರ್ ಬಾಕ್ಸಿಂಗ್‌ನಲ್ಲಿ ಪಂದ್ಯವಿರುವ ಪ್ರತಿ ದಿನ ಬೆಳಿಗ್ಗೆ ತೂಕ ಕೊಡಬೇಕು, ಡಾಕ್ಟರ ಮುಂದೆ ನಿಲ್ಲಬೇಕು, ಆಮೇಲೆ ಮಧ್ಯಾಹ್ನವೋ ಸಂಜೆಯೋ ರಿಂಗಿಗೆ ಇಳಿಯಬೇಕು. ಗೆದ್ದರೆ ಒಂದೆರಡು ದಿನದಲ್ಲಿ ಮತ್ತೆ ಅದೇ. ಅದಕ್ಕೇ ಮೈಸೂರಿನಲ್ಲಿ ಒಂದು ಭಾನುವಾರ ಬೆಳಗಿನಿಂದ ರಾತ್ರಿಯವರೆಗೆ ಅಂಥ ಇಡೀ ದಿನವನ್ನೇ ತಾಲೀಮು ಮಾಡಿಸಿದೆವು. ಹುಡುಗಿ ಮಂಡ್ಯದ ಹತ್ತಿರದ ಹಳ್ಳಿಯವಳು, ಮೊದಲು ಕಬಡ್ಡಿ ಆಡುತ್ತಿದ್ದವಳು. 19ಕ್ಕೆ ಕಾಲಿಟ್ಟಿದ್ದಾಳೆ, ಅಂದರೆ ಇನ್ನು ಎಲೀಟ್, ಅಂದರೆ ಹಿರಿಯರ ವಿಭಾಗ. ಹೆಸರು ಕೊಟ್ಟಿದ್ದು 51 ಕೆ.ಜಿ.ಗೆ.

ಬೆಳಿಗ್ಗೆ 7ಕ್ಕೆ ತೂಕ. ಯಂತ್ರವನ್ನು ಕಲ್ಲುಹಾಸಿನ ಮೇಲೇ ಇಡಬೇಕು. ಜಿಮ್‌ನ ರಬ್ಬರ್ ಮ್ಯಾಟ್ ಮೇಲಿಟ್ಟರೆ ಅದರ ಪಾದಗಳು ಒಳಗಿಳಿದು ತಪ್ಪು ತೂಕ ತೋರಿಸುತ್ತದೆ, ಅದನ್ನು ನಂಬಿಕೊಂಡು ಹೋದವರಿಗೆ ಕೂಟದ ಯಂತ್ರದ ಮೇಲೆ ನಿಂತಾಗಲೇ ಗೊತ್ತಾಗುವುದು. ದಿನಸಿ ಅಂಗಡಿಯಿಂದ ಮುದ್ರೆ ಹಾಕಿದ ಬಟ್ಟುಗಳನ್ನು ತಂದಿಟ್ಟು ಯಂತ್ರ ಸರಿಯಿದೆ ಎಂದು ನೋಡಿಕೊಂಡೆವು. ಕೋಣೆಯಲ್ಲಿ ಹೆಂಗಸರು ಮಾತ್ರ. ಹಿಂದಿನ ರಾತ್ರಿ 52 ಇದ್ದವಳು ಬೆಳಿಗ್ಗೆ 51.3. ನಿದ್ದೆಯಲ್ಲಿ ಉಸಿರು, ಬೆವರು, ಬೆಳಗಿನ ಮೂತ್ರ ಎಲ್ಲ ಸೇರಿ ಅರ್ಧ ಕೆ.ಜಿ. ಆಸುಪಾಸು ಇಳಿಯುವುದು ಸಹಜ, ಲೆಕ್ಕ ಹಾಕುವಾಗ ಅದನ್ನು ಹಿಡಿದೇ ಹಾಕಬೇಕು. ಆದರೂ 300 ಗ್ರಾಂ ಜಾಸ್ತಿ. ನಿಜವಾದ ಕೂಟದಲ್ಲಿ ಅಲ್ಲಿಗೆ ಕಥೆ ಮುಗಿಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಯ ಫೈನಲ್ ತಲುಪಿದ್ದ ವಿನೇಶ್ ಫೋಗಟ್ ಎರಡನೇ ದಿನದ ತೂಕದಲ್ಲಿ 100 ಗ್ರಾಂ ಹೆಚ್ಚಾಗಿ ಅನರ್ಹರಾದದ್ದು ಎಲ್ಲರಿಗೂ ನೆನಪಿದೆ.

ಆ 300 ಗ್ರಾಂ ಕೊಬ್ಬಲ್ಲ. ಅವಳು ಶನಿವಾರ ಮಧ್ಯಾಹ್ನದವರೆಗೂ ಮುದ್ದೆ, ಸೊಪ್ಪಿನ ಸಾರು ಉಂಡಿದ್ದಳು. ತಿಂಗಳಿಡೀ ಕಸರತ್ತಿಗೆ ಅದಕ್ಕಿಂತ ಒಳ್ಳೆಯ ಊಟವಿಲ್ಲ, ಆದರೆ ನಾರು ಹೊಟ್ಟೆಯಲ್ಲಿ ನೀರು ಹಿಡಿದು ಉಳಿಯುತ್ತದೆ. ತೂಕಕ್ಕೆ ಒಂದೂವರೆ ದಿನ ಮೊದಲೇ ಬಿಳಿ ಅನ್ನ, ಮೊಸರು, ಮೊಟ್ಟೆ, ಬಾಳೆಹಣ್ಣಿಗೆ ಬದಲಾಯಿಸಿ, ಉಪ್ಪಿನಕಾಯಿ, ಹಪ್ಪಳ ನಿಲ್ಲಿಸಿದರೆ ಅಷ್ಟು ತೂಕ ಮೈಯಿಗೆ ನೋವಿಲ್ಲದೆ ಇಳಿಯುತ್ತದೆ. ಇದನ್ನು ಬಿಟ್ಟು ಜಾಕೆಟ್ ಹಾಕಿಕೊಂಡು ಚಾಮುಂಡಿ ಬೆಟ್ಟದ ಮೆಟ್ಟಿಲು ಓಡುವವರಿದ್ದಾರೆ. ಇಳಿಯುವುದು ನೀರು ಮಾತ್ರ. ತೊಡೆ ಬಿಗಿದುಕೊಂಡು ಮೂರನೇ ರೌಂಡಿಗೆ ಕಾಲೇ ಏಳುವುದಿಲ್ಲ. ಮುಟ್ಟಿನ ಮುಂಚಿನ ದಿನಗಳಲ್ಲಿ ಮೈಯಲ್ಲಿ ನೀರು ನಿಂತು ಒಂದು ಕೆ.ಜಿ.ವರೆಗೆ ಏರುವುದೂ ಉಂಟು. ಆದ್ದರಿಂದ ಹುಡುಗಿಯರು ತಮ್ಮ ತಿಂಗಳ ತಾರೀಕನ್ನು ತೂಕದ ಪುಸ್ತಕದಲ್ಲೇ ಬರೆಯಬೇಕು. ಇದರಲ್ಲಿ ನಾಚಿಕೆಯ ಮಾತೇ ಇಲ್ಲ.

ತೂಕವಾದ ತಕ್ಷಣ ಕುಡಿಯಲು ಶುರು. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮಟ್ಟಸವಾಗಿ. ಗಟಗಟ ಕುಡಿದರೆ ವಾಂತಿ, ಗುಟುಕು ಗುಟುಕಾಗಿ ಒಂದು ಗಂಟೆ ಕುಡಿಯಬೇಕು. ಆಮೇಲೆ ಇಡ್ಲಿ, ಬೆಲ್ಲ ಹಾಕಿದ ಗಂಜಿ. ತುಪ್ಪದ ದೋಸೆ ಮಾತ್ರ ಬೇಡ, ಪಂದ್ಯದ ಹೊತ್ತಿಗೂ ಹೊಟ್ಟೆಯಲ್ಲೇ ಕೂತಿರುತ್ತದೆ.

ಒಬ್ಬ ಮಹಿಳಾ ಬಾಕ್ಸರಿನ ಬದುಕು ಯಾವ ತೂಕಕ್ಕೆ ಬೀಳುತ್ತದೆ ಎನ್ನುವುದರ ಮೇಲೆಯೇ ನಿಂತಿದೆ. ಮೇರಿ ಕೋಮ್ ವಿಶ್ವ ಚಾಂಪಿಯನ್‌ಶಿಪ್‌ಗಳನ್ನು ಗೆದ್ದದ್ದು 45, 46, 48ರಲ್ಲಿ. 2012ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಮಹಿಳಾ ಬಾಕ್ಸಿಂಗ್ ಮೊದಲ ಸಲ ಬಂದಾಗ ಇದ್ದದ್ದು 51, 60, 75 ಮೂರೇ. ಎತ್ತರದ ಎದುರಾಳಿಗಳ ನಡುವೆ 51ಕ್ಕೆ ಏರಿ ಅವರು ಕಂಚು ತಂದರು. ಲವ್ಲೀನಾ ಬೊರ್ಗೊಹೈನ್ ಟೋಕಿಯೊದಲ್ಲಿ 69ರಲ್ಲಿ ಕಂಚು ಗೆದ್ದರು, ಪ್ಯಾರಿಸ್‌ಗೆ 69 ಇಲ್ಲವಾಯಿತು, 75ಕ್ಕೆ ಏರಿ 2023ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದರು. ನಿಖತ್ ಜರೀನ್ ಇಸ್ತಾಂಬುಲ್‌ನಲ್ಲಿ 52ರಲ್ಲಿ ವಿಶ್ವ ಚಾಂಪಿಯನ್ ಪಟ್ಟ ಗೆದ್ದು, ಒಲಿಂಪಿಕ್ಸ್‌ಗಾಗಿ 50ಕ್ಕೆ ಇಳಿದರು. ಈಗ ಅಂತಾರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಬಾಕ್ಸಿಂಗ್‌ನ ಪಟ್ಟಿಯಲ್ಲಿ 48, 51, 54, 57, 60 ಎಂದು ಶುರುವಾಗಿ ಹತ್ತು ಮಹಿಳಾ ವಿಭಾಗಗಳಿವೆ, 2028ರ ಲಾಸ್ ಏಂಜಲೀಸ್‌ಗೆ ಏಳು. ಹುಡುಗಿಯನ್ನು ಯಾವ ವಿಭಾಗಕ್ಕೆ ಬೆಳೆಸಬೇಕು ಎಂಬುದನ್ನು 19ರಲ್ಲೇ ಯೋಚಿಸದ ಕೋಚ್ ಅವಳ ವರ್ಷಗಳನ್ನು ಹಾಳು ಮಾಡುತ್ತಾನೆ.

ಮಧ್ಯಾಹ್ನ 3ಕ್ಕೆ ಕೈಗೆ ಬ್ಯಾಂಡೇಜ್. ನಿಯಮದಲ್ಲಿ ಉದ್ದ 2.5ರಿಂದ 4.5 ಮೀಟರ್. ಚಿಕ್ಕ ಕೈಗೆ ಪೂರ್ತಿ 4.5 ಸುತ್ತಿದರೆ 10 ಔನ್ಸ್ ಗ್ಲೌಸಿನೊಳಗೆ ಮುಷ್ಟಿ ಮುಚ್ಚುವುದೇ ಇಲ್ಲ. ಹೆಬ್ಬೆರಳಿಗೆ ಕೊಂಡಿ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು, ಬೆರಳ ಸಂದುಗಳಲ್ಲಿ ಒಂದೊಂದು, ಹೆಬ್ಬೆರಳಿನ ಬುಡಕ್ಕೆ ಒಂದು, ಮತ್ತೆ ಮಣಿಕಟ್ಟು. ಸುತ್ತುವಾಗ ಬೆರಳು ಅಗಲಿಸಿರಬೇಕು, ಸೇರಿಸಿಕೊಂಡು ಸುತ್ತಿದರೆ ಮುಷ್ಟಿ ಹಿಡಿದಾಗ ರಕ್ತ ಕಟ್ಟುತ್ತದೆ. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪೇರಬೇಕು.

ಹೆಡ್‌ಗಾರ್ಡ್‌ನದೇ ಒಂದು ಪಾಠ. ಎಲೀಟ್ ಗಂಡಸರ ಪಂದ್ಯಗಳಲ್ಲಿ 2013ರಿಂದ ಅದು ಹೋಯಿತು, ಹೆಂಗಸರಿಗೆ ಉಳಿದಿದೆ. ಹಿಂದಿನ ದಿನ ಮನೆಯಲ್ಲಿ ಅಜ್ಜಿ ತಲೆಗೆ ಕೊಬ್ಬರಿ ಎಣ್ಣೆ ತಟ್ಟಿ ಕಳಿಸಿದ್ದರು. ತಾಲೀಮು ಪಂದ್ಯದ ಮೊದಲ ರೌಂಡಿನಲ್ಲಿ ನಾಲ್ಕನೇ ಏಟಿಗೇ ಹೆಡ್‌ಗಾರ್ಡ್ ಜಾರಿ ಬಲಗಣ್ಣಿನ ಮೇಲೆ ಕೂತಿತು. ರೆಫರಿ ನಿಲ್ಲಿಸಿದರು, ಸರಿ ಮಾಡಿಸಿದರು, ಅಷ್ಟರಲ್ಲಿ ಅವಳ ಲಯ ತಪ್ಪಿತು. ಪಂದ್ಯಕ್ಕೆ ಎರಡು ದಿನ ಮೊದಲೇ ಎಣ್ಣೆ ಬಿಡಬೇಕು. ಒಂದೇ ಜಡೆ ಹೆಣೆದರೆ ಹಿಂದಿನ ಗಂಟು ಹೆಡ್‌ಗಾರ್ಡನ್ನು ಮುಂದಕ್ಕೆ ತಳ್ಳುತ್ತದೆ, ಎರಡು ಜಡೆಯನ್ನು ನೆತ್ತಿಗೆ ಅಂಟಿದ ಹಾಗೆ ಹೆಣೆಯಬೇಕು, ಪಿನ್ನು, ಕ್ಲಿಪ್ಪು ಇರಬಾರದು. ಹಲ್ಲು ಕಾಯುವ ಗಮ್‌ಶೀಲ್ಡ್ ಕೆಂಪು ಬಣ್ಣದ್ದು ನಡೆಯುವುದಿಲ್ಲ, ಬಾಯಲ್ಲಿ ರಕ್ತ ಬಂದರೆ ತಿಳಿಯುವುದಿಲ್ಲವಲ್ಲ.

3 ನಿಮಿಷದ 3 ರೌಂಡ್, ನಡುವೆ 1 ನಿಮಿಷ ವಿರಾಮ. ಕಬಡ್ಡಿಯಿಂದ ಬಂದವರು ಹತ್ತಿರವಾದೊಡನೆ ತಲೆ ತಗ್ಗಿಸಿ ಹಿಡಿಯಲು ಹೋಗುತ್ತಾರೆ, ಇವಳೂ ಹಾಗೇ. ಎಚ್ಚರಿಕೆ ಕೊಟ್ಟಮೇಲೂ ನಿಲ್ಲಿಸದಿದ್ದರೆ ವಾರ್ನಿಂಗ್, ಒಂದು ವಾರ್ನಿಂಗ್‌ಗೆ ಐದೂ ಜಡ್ಜ್‌ಗಳ ಲೆಕ್ಕದಲ್ಲಿ ಒಂದೊಂದು ಅಂಕ ಕಳೆಯುತ್ತದೆ. ವಿರಾಮದ ಆ ನಿಮಿಷದಲ್ಲಿ ಹಗ್ಗದೊಳಗೆ ಬರುವುದು ಕೋಚ್ ಕಡೆಯವರಲ್ಲಿ ಒಬ್ಬರೇ. ಕೂರಿಸಿ, ಗಮ್‌ಶೀಲ್ಡ್ ತೆಗೆದು, 20 ಸೆಕೆಂಡು ಸುಮ್ಮನೆ ಉಸಿರಾಡಲು ಬಿಡಬೇಕು. ಆಮೇಲೆ ಎರಡೇ ಮಾತು: ‘ತಲೆ ಎತ್ತಮ್ಮ. ಎಡಗೈ ಮೊದಲು.’ ಮೂರನೆಯದನ್ನು ಹೇಳಿದರೆ ಮೊದಲನೆಯದು ಮರೆತುಹೋಗುತ್ತದೆ.

ಐದು ಜನರನ್ನು ರಿಂಗಿನ ಸುತ್ತ ಬೇರೆ ಬೇರೆ ಕೂರಿಸಿ ಅಂಕ ಬರೆಸಿದ್ದೆವು. ಗೆದ್ದವಳಿಗೆ 10, ಸೋತವಳಿಗೆ ಸಾಮಾನ್ಯವಾಗಿ 9. ಪ್ರತಿ ಜಡ್ಜ್‌ನ ಮೂರು ರೌಂಡಿನ ಮೊತ್ತ ಬೇರೆ ಬೇರೆ ಕೂಡಿ, ಮೂವರು ಯಾರ ಕಡೆಯೋ ಅವರಿಗೆ ಗೆಲುವು. ಟೋಕಿಯೊದಲ್ಲಿ ಮೇರಿ ಕೋಮ್ ಕೊಲಂಬಿಯಾದ ಇಂಗ್ರಿಟ್ ವೆಲೆನ್ಸಿಯಾ ಎದುರು ಎರಡನೇ, ಮೂರನೇ ರೌಂಡನ್ನು 3–2ರಿಂದ ಗೆದ್ದೂ ಪಂದ್ಯ ಸೋತರು, ಮೊದಲ ರೌಂಡ್ 1–4ರಿಂದ ಹೋಗಿತ್ತು. ‘ಮೊದಲ ರೌಂಡ್ ಎದುರಾಳಿಯನ್ನು ಅಳೆಯೋಕೆ’ ಎನ್ನುವ ಹಳೆಯ ಮಾತನ್ನು ಬಿಡಲೇಬೇಕು. ನಮ್ಮ ಹುಡುಗಿಗೂ ಹೆಡ್‌ಗಾರ್ಡ್ ಜಾರಿದ ಮೊದಲ ರೌಂಡನ್ನು ಐವರೂ ಕೊಡಲಿಲ್ಲ. ಎರಡನೆಯದು ಬಂತು. ಮೂರನೆಯದರಲ್ಲಿ ಕಾಲು ಸೋತು ನಿಂತಿತು.

ಸಂಜೆ ಇನ್ನೊಂದು ವಿಷಯ ಹೇಳಿಕೊಟ್ಟೆವು. ಡೋಪಿಂಗ್ ಪರೀಕ್ಷೆಯ ಪಟ್ಟಿಗೆ ಹೆಸರು ಸೇರಿದಂದಿನಿಂದ ಪ್ರತಿ ದಿನ ಒಂದು ಗಂಟೆ ಎಲ್ಲಿರುತ್ತೇನೆಂದು ಮೊದಲೇ ತಿಳಿಸಬೇಕು, 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ನಿಷೇಧ. 2024ರಲ್ಲಿ ಬಾಕ್ಸರ್ ಪರ್ವೀನ್ ಹೂಡಾ ಹೀಗೇ ಅಮಾನತಾಗಿ ಭಾರತ 57 ಕೆ.ಜಿ.ಯ ಒಲಿಂಪಿಕ್ ಸ್ಥಾನ ಕಳೆದುಕೊಂಡಿತು. 60ರಲ್ಲಿ ಆಡುತ್ತಿದ್ದ ಜಾಸ್ಮಿನ್ ಲಂಬೋರಿಯಾ 57ಕ್ಕೆ ಇಳಿದು ಬ್ಯಾಂಕಾಕ್‌ನ ಅರ್ಹತಾ ಕೂಟದಲ್ಲಿ ಆ ಸ್ಥಾನ ಮರಳಿ ಗಳಿಸಿದರು, 2025ರಲ್ಲಿ ಲಿವರ್‌ಪೂಲ್‌ನಲ್ಲಿ ಅದೇ ತೂಕದಲ್ಲಿ ವಿಶ್ವ ಚಾಂಪಿಯನ್ ಆದರು.

ರಾತ್ರಿ ಊಟವಾದ ಮೇಲೆ ಯಂತ್ರ 53.2 ತೋರಿಸಿತು. ಮಾರನೆಯ ದಿನವೂ ಪಂದ್ಯವಿದ್ದಿದ್ದರೆ ರಾತ್ರಿ ಕಳೆಯುವುದರೊಳಗೆ ಎರಡು ಕೆ.ಜಿ.ಗೂ ಹೆಚ್ಚು ಇಳಿಸಬೇಕಿತ್ತು. ಒಂದು ಬೆಳಿಗ್ಗೆಗೆ 51 ಆಗುವುದು ಸಾಧ್ಯ, ಕೂಟ ಮುಗಿಯುವವರೆಗೆ 51ರಲ್ಲಿ ಉಳಿದು ಹೊಡೆದಾಡುವುದು ಅವಳ ಮೈಗೆ ಆಗದ ಮಾತು. ಮುಂದಿನ ಆಯ್ಕೆಗೆ 54ರಲ್ಲೇ ಹೆಸರು ಕೊಡುತ್ತೇವೆ. ಅಲ್ಲಿ ಅವಳಿಗಿಂತ ಎತ್ತರದವರು ಸಿಗುತ್ತಾರೆ, ಹಾಗಾಗಿ ಇವತ್ತಿನಿಂದ ಪ್ಯಾಡ್ ಮೇಲೆ ಎಡಗೈ ಜಾಬ್, ಅಂದರೆ ಚುರುಕಾದ ನೇರ ಏಟು, ಜಾಬ್ ಆದೊಡನೆ ಒಂದು ಹೆಜ್ಜೆ ಪಕ್ಕಕ್ಕೆ.