ಸೇಡಂ ರಸ್ತೆಯ ಕಡೆಯ ಮನೆ

ಕಲಬುರಗಿಯ ಪೂರ್ವಕ್ಕೆ, ಸೇಡಂ ರಸ್ತೆಯಿಂದ ಒಳಗಿರುವ ಹೊಸ ಬಡಾವಣೆಯೊಂದರಲ್ಲಿ ಮನೆ ಕೊಂಡಿದ್ದೇವೆಂದು ತಿಳಿದ ಬಂಧುಗಳೆಲ್ಲ ಮೊದಲು ಕೇಳುವುದು ಅಲ್ಲಿಂದ ಊರ ನಡುವಿನ ಸೂಪರ್ ಮಾರ್ಕೆಟ್ ಪೇಟೆ ಎಷ್ಟು ದೂರವೆಂದು. ಊರಂಚಿನಲ್ಲಿ ಮನೆ ನೋಡುವವರು ಮೊದಲು ವಿಚಾರಿಸಬೇಕಾದದ್ದು ಅಡಿಯ ಮಣ್ಣನ್ನು, ಅನಂತರ ನಳದ ನೀರನ್ನು. ಮಾರುಕಟ್ಟೆಯ ದೂರವನ್ನು ಕೊನೆಗೆ ಕೇಳಿದರೂ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಈ ಭಾಗದ ಎರೆಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಾಯಿ ಬಿಡುತ್ತದೆ. ತೊಗರಿಗೆ ಒಗ್ಗುವ ಈ ಮಣ್ಣು ಗೋಡೆಗೆ ಒಗ್ಗುವುದಿಲ್ಲ. ನಾವು ನೋಡಿ ಬಿಟ್ಟ ಮನೆಯೊಂದರಲ್ಲಿ ಕಿಟಕಿಯ ಮೂಲೆಯಿಂದ ಛಾವಣಿಯವರೆಗೆ ಓರೆಯಾಗಿ ಏರಿದ ಬಿರುಕಿಗೆ ಪುಟ್ಟಿ ಮೆತ್ತಿ, ಹೊಸ ಬಣ್ಣ ಹೊಡೆದಿದ್ದರೂ ಅದರ ಗೆರೆ ಮತ್ತೆ ಎದ್ದು ಕಾಣುತ್ತಿತ್ತು. ನಾವು ಕೊಂಡ ಮನೆಯ ಪಾಯವನ್ನು ಎರೆಯನ್ನು ದಾಟಿ ಗಟ್ಟಿ ನೆಲದವರೆಗೆ ಇಳಿಸಿ, ಒಳಗೆ ಮುರುಮು, ಅಂದರೆ ಗರಸು ಮಣ್ಣು, ತುಂಬಿ, ಮಳೆನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಸುತ್ತಲೂ ಹೊರಕ್ಕೆ ಇಳಿಜಾರಾಗಿ ಪರ್ಸಿ ಚಪ್ಪಡಿ ಕಲ್ಲು ಹಾಸಿದ್ದಾರೆ. ಒಳನೆಲವೂ ಶಹಾಬಾದ್ ಪರ್ಸಿಯದೇ. ಟೈಲ್ಸ್ ಹಾಕಿಸಿ ಎಂದು ಸಲಹೆ ಕೊಟ್ಟವರಿದ್ದಾರೆ, ಆದರೆ ಮೇ ತಿಂಗಳ ಮಧ್ಯಾಹ್ನ ಬರಿಗಾಲಿನಲ್ಲಿ ತಂಪಾದ ಪರ್ಸಿಯ ಮೇಲೆ ನಡೆದವರು ಆ ಮಾತು ಆಡಲಾರರು. ಸುಣ್ಣದ ಕಲ್ಲಾದ್ದರಿಂದ ಹುಣಸೆಹುಳಿ, ನಿಂಬೆರಸ ಚೆಲ್ಲಿದರೆ ಬಿಳಿ ಕಲೆ ಉಳಿಯುತ್ತದೆ. ಅಡುಗೆಮನೆಯಲ್ಲಿ ಅಷ್ಟು ಎಚ್ಚರಿಕೆ ಬೇಕು.

ಕಲಬುರಗಿಗೆ ನೀರು ಭೀಮಾ ನದಿಯಿಂದಲೂ ಬೆಣ್ಣೆತೊರೆ ಜಲಾಶಯದಿಂದಲೂ ಬರುತ್ತದೆ. ಆದರೆ ನಮ್ಮ ಓಣಿಯಲ್ಲಿ ನಳ ದಿನವೂ ಬರುವುದಿಲ್ಲವಾದ್ದರಿಂದ ಮನೆಯ ನಿಜವಾದ ಅಳತೆ ಕೋಣೆಗಳಲ್ಲಿಲ್ಲ, ಸಂಪಿನಲ್ಲಿದೆ. ನಳ ಬಂದಾಗ ಮೊದಲ ಕೆಲವು ಕೊಡ ಮಣ್ಣುಬಣ್ಣದ ನೀರನ್ನು ಗಿಡಗಳಿಗೆ ಹಾಕಿ, ತಿಳಿಯಾದ ಮೇಲೆ ಪೈಪನ್ನು ಸಂಪಿಗೆ ತಿರುಗಿಸುವುದು ಇಲ್ಲಿಯ ಎಲ್ಲ ಮನೆಗಳ ರೂಢಿ. ಬೋರ್‌ವೆಲ್ ನೀರು ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರು ಕಟ್ಟುತ್ತದೆ, ಬೇಳೆ ಬೇಗ ಬೇಯುವುದಿಲ್ಲ. ತೊಗರಿಯ ನಾಡಿನಲ್ಲಿ ಇದು ಸಣ್ಣ ದೂರಲ್ಲ.

ಉಳಿದ ಸೌಕರ್ಯಗಳ ವಿಷಯದಲ್ಲಿ ಸೇಡಂ ರಸ್ತೆ ಉದಾರಿ. 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯ, ಅದರ ಬಳಿ 2009ರಲ್ಲಿ ಉದ್ಘಾಟನೆಯಾದ ಬುದ್ಧ ವಿಹಾರ, ಇ.ಎಸ್.ಐ. ದವಾಖಾನೆ, ಇನ್ನೂ ಮುಂದೆ 2019ರಲ್ಲಿ ಆರಂಭವಾದ ವಿಮಾನ ನಿಲ್ದಾಣ, ಎಲ್ಲವೂ ಈ ಕಡೆಯೇ ಇವೆ. ವಿಮಾನ ನಿಲ್ದಾಣದಿಂದ ನಮಗಾದ ಲಾಭವೆಂದರೆ ನಿವೇಶನದ ದರ ಏರಿದ್ದು. ಅದು ಮಾರುವವರ ಲಾಭ. ದಿನದ ಬದುಕಿಗೆ ಹೆಚ್ಚು ಒದಗುವುದು ಮೂಲೆಯ ರೊಟ್ಟಿ ಕೇಂದ್ರ. ಅಲ್ಲಿಯ ಅಕ್ಕ ತಟ್ಟಿ ಒಣಗಿಸಿದ ಖಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಪೊಟ್ಟಣವನ್ನೂ ಇಟ್ಟು ಕೊಡುತ್ತಾರೆ.

ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಉದ್ಯಾನದ ಜಾಗದಲ್ಲಿ ಸದ್ಯ ಬಳ್ಳಾರಿ ಜಾಲಿ ಬೆಳೆದಿದೆ. ಮುಖ್ಯ ರಸ್ತೆಗೆ ಹೋದರೆ ಹಲವರು ಕೂಡಿ ಹೋಗುವ ಟಂಟಂ ಆಟೋ ಸಿಗುತ್ತದೆ, ರಾತ್ರಿ ಎಂಟರ ಬಳಿಕ ಮಾತ್ರ ಸವಾರಿ ತುಂಬುವವರೆಗೆ ಅದು ಹೊರಡುವುದಿಲ್ಲ.